ಆಂಡಿಸ್‌ನ ಹಳೆಯ ಹಸಿಯೆಂಡಾಗಳಲ್ಲಿ ತಂಗುವುದು: ಈಕ್ವೆಡಾರ್‌ನಲ್ಲಿ ಯಾರಿಗೆ ಯಾವ ಮನೆ?

ಈಕ್ವೆಡಾರ್‌ನ ಬೆಟ್ಟನಾಡಿನಲ್ಲಿ ‘ಹಸಿಯೆಂಡಾ’ (ಹಳೆಯ ಒಡೆಯರ ದೊಡ್ಡ ಜಮೀನು, ಅದರೊಳಗಿನ ಮನೆ) ಎಂಬ ಫಲಕ ಹಾಕಿಕೊಂಡ ವಸತಿಗಳು ಬಹಳ ಇವೆ. ಫೋಟೊ ನೋಡಿದರೆ ಎಲ್ಲವೂ ಒಂದೇ ಥರ: ಸುಣ್ಣ ಬಳಿದ ದಪ್ಪ ಗೋಡೆ, ಹೆಂಚಿನ ಮಾಡು, ನಡುವೆ ಕಲ್ಲು ಹಾಸಿದ ಅಂಗಳ, ಕೋಣೆಯಲ್ಲಿ ಅಗ್ಗಿಷ್ಟಿಕೆ, ಹಿಂದೆ ಹಿಮ ಹೊದ್ದ ಜ್ವಾಲಾಮುಖಿ. ಆದರೆ ಒಳಹೊಕ್ಕರೆ ವ್ಯತ್ಯಾಸ ದೊಡ್ಡದು. ಕೆಲವು ಕಡೆ ಇವತ್ತಿಗೂ ನಸುಕಿನಲ್ಲಿ ಹಾಲು ಕರೆಯುತ್ತಾರೆ, ಕುದುರೆ ಮರಿ ಪಳಗಿಸುತ್ತಾರೆ, ಗುಡ್ಡದ ಮೇಲಿನ ದನ ಎಣಿಸಲು ಸವಾರರು ಹೊರಡುತ್ತಾರೆ. ಇನ್ನು ಕೆಲವು ಕಡೆ ಜಮೀನು ಕೈಬಿಟ್ಟು ಎಷ್ಟೋ ದಶಕಗಳಾಗಿವೆ. ಮನೆ, ತೋಟ, ಊಟದ ಕೋಣೆ ಮಾತ್ರ ಉಳಿದು ಹೋಟೆಲ್ ಆಗಿದೆ. ಎರಡೂ ತಪ್ಪಲ್ಲ. ಆದರೆ ಮೊದಲನೆಯದನ್ನು ಬಯಸಿ ಎರಡನೆಯದಕ್ಕೆ ದುಡ್ಡು ಕಟ್ಟಿದರೆ ಅಷ್ಟು ದೂರ ಹೋದದ್ದು ದಂಡವಾಗುತ್ತದೆ.

ಹಾಗಾಗಿ ಕೋಣೆಯ ಅಂದಕ್ಕಿಂತ ಮೊದಲು ನಾನು ನೋಡುವುದು ಎರಡು ಸಂಗತಿ: ಆ ಭೂಮಿಯಲ್ಲಿ ಈಗಲೂ ಏನು ಕೆಲಸ ನಡೆಯುತ್ತಿದೆ, ಮತ್ತು ಮನೆ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ. ಎರಡನೆಯದು ಕರ್ನಾಟಕದಿಂದ ಹೋಗುವವರಿಗೆ ಇನ್ನೂ ಮುಖ್ಯ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಇಲ್ಲಿ ಹೇಳುವ ಯಾವ ಮನೆಯೂ 2,500 ಮೀಟರಿಗಿಂತ ಕೆಳಗಿಲ್ಲ.

ಸುಲೆಟಾ: ಮನೆಯೂ ಇದೆ, ದುಡಿಮೆಯೂ ಇದೆ

ಉತ್ತರದ ಇಂಬಾಬುರಾ ಪ್ರಾಂತ್ಯದಲ್ಲಿ, ಸುಮಾರು 2,900 ಮೀಟರ್ ಎತ್ತರದ ಕಣಿವೆಯಲ್ಲಿರುವ ಹಸಿಯೆಂಡಾ ಸುಲೆಟಾ ನನ್ನ ಪಟ್ಟಿಯಲ್ಲಿ ಮೊದಲನೆಯದು. ಮುಖ್ಯ ಮನೆ 17ನೇ ಶತಮಾನದ ಕೊನೆಯದು. ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ಲಾಸಾ ಕುಟುಂಬದ ಕೈಯಲ್ಲಿದೆ. ಈ ಮನೆಯ ಗಾಲೊ ಪ್ಲಾಸಾ ಲಾಸ್ಸೊ 1948ರಿಂದ 1952ರವರೆಗೆ ದೇಶದ ಅಧ್ಯಕ್ಷರಾಗಿದ್ದವರು, ಮುಂದೆ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಮಹಾ ಕಾರ್ಯದರ್ಶಿಯಾದವರು. ಅವರ ಪುಸ್ತಕ, ಫೋಟೊಗಳ ನಡುವೆಯೇ ಅತಿಥಿಗಳು ಓಡಾಡುತ್ತಾರೆ.

ಇಲ್ಲಿ ಹಾಲಿನ ಹಸುಗಳಿವೆ, ಆ ಹಾಲಿನಿಂದ ಚೀಸ್ ಮಾಡುವ ಘಟಕವಿದೆ. ಟ್ರೌಟ್ ಮೀನಿನ ಕೊಳಗಳಿವೆ, ತರಕಾರಿ ತೋಟವಿದೆ. ತಟ್ಟೆಗೆ ಬರುವುದರಲ್ಲಿ ಬಹುಪಾಲು ಈ ಬೇಲಿಯೊಳಗಿನದೇ. ಆಂಡಲೂಸಿಯನ್, ಇಂಗ್ಲಿಷ್, ಕ್ವಾರ್ಟರ್ ತಳಿಗಳನ್ನು ಕೂಡಿಸಿ ಇಲ್ಲಿಯೇ ರೂಪಿಸಿದ ‘ಸುಲೆಟೆನ್ಯೊ’ ಕುದುರೆಗಳು ಇಲ್ಲಿನ ಹೆಮ್ಮೆ. ಶಾಂತ ಸ್ವಭಾವದವು, ನಡಿಗೆ ಮೆತ್ತಗೆ. ಮೊದಲ ಸಲ ಕುದುರೆ ಹತ್ತುವವರಿಗೆ, ಮಕ್ಕಳ ಜೊತೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು.

ಕಣಿವೆಯೊಳಗೆ ಇಂಕಾಗಳಿಗಿಂತ ಹಿಂದಿನ ಕರಾಂಕಿ ಜನರು ಕಟ್ಟಿದ ಮಣ್ಣಿನ ದಿಬ್ಬಗಳು ನೂರಕ್ಕೂ ಹೆಚ್ಚಿವೆ; ಕೆಲವಕ್ಕೆ ಮೇಲೇರಲು ಇಳಿಜಾರು ದಾರಿಯೂ ಇದೆ. ಹಸುಗಳು ಆ ದಿಬ್ಬಗಳ ನಡುವೆಯೇ ಮೇಯುತ್ತವೆ. ಅದೇ ಕಣಿವೆಯ ಮೇಲ್ಭಾಗದಲ್ಲಿ ಕಾಂಡೊರ್ ರಣಹದ್ದುಗಳ ಪಾಲನಾ ಕೇಂದ್ರವಿದೆ. ಈ ಹಕ್ಕಿ ಈಕ್ವೆಡಾರ್‌ನ ರಾಷ್ಟ್ರಲಾಂಛನದ ಮೇಲಿದೆ, ಆದರೆ ದೇಶದಲ್ಲಿ ಉಳಿದಿರುವುದು ಸುಮಾರು 150 ಮಾತ್ರ. ಗಾಯಗೊಂಡು ಹಾರಲಾರದವು ಇಲ್ಲಿ ಪಂಜರದಲ್ಲಿ ಬದುಕುತ್ತವೆ. ಅದೃಷ್ಟವಿದ್ದರೆ ಮೇಲೆ ಆಕಾಶದಲ್ಲಿ ಸ್ವತಂತ್ರವಾಗಿ ಸುತ್ತುವ ಕಾಂಡೊರ್ ಕೂಡ ಕಾಣಬಹುದು.

ಊರಿನ ಹೆಂಗಸರ ಕಸೂತಿಯನ್ನು ಇಲ್ಲಿ ಬಿಟ್ಟು ಬರಬೇಡಿ. ಬಿಳಿ ಬಟ್ಟೆಯ ಮೇಲೆ ಗಾಢ ಬಣ್ಣದ ಹೂವು, ಬಳ್ಳಿ. ಗಾಲೊ ಪ್ಲಾಸಾರ ಪತ್ನಿ 1940ರ ದಶಕದಲ್ಲಿ ಶುರು ಮಾಡಿದ ಕಸೂತಿ ಶಾಲೆಯಿಂದ ಇದು ಹಬ್ಬಿತು. ಈಗ ಊರಿನ ಮನೆ ಮನೆಯಲ್ಲೂ ನಡೆಯುತ್ತದೆ. ಹಸಿಯೆಂಡಾದ ಅಂಗಡಿಗಿಂತ ಊರೊಳಗೆ ನಡೆದು ಹೋಗಿ ಹೊಲಿದವರ ಕೈಯಿಂದಲೇ ಕೊಳ್ಳುವುದು ಒಳ್ಳೆಯದು.

ಸುಲೆಟಾದ ಒಂದೇ ಅಡ್ಡಿ ಬೆಲೆ. ಊಟ, ಸವಾರಿ ಎಲ್ಲ ಸೇರಿಸಿ ತಲೆಗೆ ಇಷ್ಟು ಎಂದು ಡಾಲರ್‌ನಲ್ಲಿ ಹೇಳುತ್ತಾರೆ (2000ದಿಂದ ಈಕ್ವೆಡಾರ್‌ನ ಹಣವೇ ಅಮೆರಿಕದ ಡಾಲರ್), ಮತ್ತು ಇಲ್ಲಿ ಹೇಳುವ ಆರರಲ್ಲಿ ದುಬಾರಿಯ ಸಾಲಿಗೆ ಸೇರುತ್ತದೆ. ಹಾಗಿದ್ದರೂ ಒಂದು ರಾತ್ರಿಗೆ ಮಾತ್ರ ಹೋಗಬೇಡಿ. ಬಂದ ದಿನ ದಣಿವು, ಹೊರಡುವ ದಿನ ಗಡಿಬಿಡಿ. ಮಧ್ಯೆ ಒಂದು ಪೂರ್ತಿ ದಿನ ಸಿಗದಿದ್ದರೆ ಕೊಟ್ಟ ದುಡ್ಡು ಮಂಚಕ್ಕೆ ಕೊಟ್ಟಂತೆ.

ಆ ದಾರಿಯಲ್ಲೇ ಪೆಸಿಯೊ

ಕಯಾಂಬೆಯಿಂದ ಸುಲೆಟಾಕ್ಕೆ ಹೋಗುವ ಒಳದಾರಿ ಒಲ್ಮೆಡೊ, ಪೆಸಿಯೊ ಎಂಬ ಊರುಗಳ ಮೂಲಕ ಹಾದುಹೋಗುತ್ತದೆ. ಹಸಿಯೆಂಡಾದಲ್ಲಿ ತಂಗುವವರು ಪೆಸಿಯೊದ ಕಥೆ ತಿಳಿದೇ ತಂಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಮನೆಗಳ ವೈಭವ ನಿಂತದ್ದು ‘ವಾಸಿಪುಂಗೊ’ ಎಂಬ ಪದ್ಧತಿಯ ಮೇಲೆ. ಒಡೆಯ ಆದಿವಾಸಿ ಕುಟುಂಬಕ್ಕೆ ಗುಡಿಸಲು ಕಟ್ಟಿಕೊಳ್ಳಲು, ಒಂದಿಷ್ಟು ಬೆಳೆದುಕೊಳ್ಳಲು ತುಂಡು ನೆಲ ಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಗಂಡಸು ವಾರದ ಬಹುಪಾಲು ದಿನ ಒಡೆಯನ ಹೊಲದಲ್ಲಿ ದುಡಿಯಬೇಕು. ಹೆಂಡತಿ ಹಾಲು ಕರೆಯಬೇಕು, ಮನೆಗೆಲಸಕ್ಕೆ ಸರದಿಯಲ್ಲಿ ಬರಬೇಕು. ಸಾಲ ತೀರುತ್ತಿರಲಿಲ್ಲ, ಅಪ್ಪನ ಸಾಲ ಮಗನಿಗೆ ಬರುತ್ತಿತ್ತು. ಅದಕ್ಕೂ ಹಿಂದಿನ ಸ್ಪೇನ್ ಆಳ್ವಿಕೆಯಲ್ಲಿ ‘ಒಬ್ರಾಹೆ’ ಎಂಬ ನೇಯ್ಗೆಶಾಲೆಗಳಲ್ಲಿ ಜನರನ್ನು ಬಲವಂತವಾಗಿ ದುಡಿಸಿ ಉಣ್ಣೆಬಟ್ಟೆ ನೇಯಿಸುತ್ತಿದ್ದರು.

ಪೆಸಿಯೊ ಹಸಿಯೆಂಡಾದಲ್ಲಿ 1930ರ ಹೊತ್ತಿಗೆ ಕೆಲಸಗಾರರು ಮುಷ್ಕರ ಹೂಡಿದರು. ಆ ಹೋರಾಟದಿಂದ ಎದ್ದು ಬಂದವರು ಡೊಲೊರೆಸ್ ಕಾಕುವಾಂಗೊ (1881–1971) ಮತ್ತು ಟ್ರಾನ್ಸಿಟೊ ಅಮಗ್ವಾನ್ಯಾ (1909–2009). ಇಬ್ಬರೂ ವಾಸಿಪುಂಗೊ ಮನೆಯ ಹೆಣ್ಣುಮಕ್ಕಳು. ತಾನು ಓದು ಬರಹ ಕಲಿಯದ ಕಾಕುವಾಂಗೊ 1940ರ ದಶಕದಲ್ಲಿ ಕಿಚ್ವಾ ಎಂಬ ಆದಿವಾಸಿ ಜನರ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಕಲಿಸುವ ಶಾಲೆಗಳನ್ನು ಕಟ್ಟಿದರು. ವಾಸಿಪುಂಗೊ ಕಾನೂನಿನಿಂದ ಹೋದದ್ದು 1964ರ ಭೂಸುಧಾರಣೆಯಲ್ಲಿ. 1973ರಲ್ಲಿ ಎರಡನೇ ಕಾನೂನು ಬಂತು. ಈ ಕಾನೂನುಗಳಿಗೂ ಮೊದಲೇ ಕೆಲಸಗಾರರಿಗೆ ಭೂಮಿ ಬಿಟ್ಟುಕೊಟ್ಟ ಒಡೆಯರಲ್ಲಿ ಸುಲೆಟಾದ ಗಾಲೊ ಪ್ಲಾಸಾ ಹೆಸರೂ ಇದೆ.

ಇದನ್ನು ಹೇಳಿದ್ದು ಪ್ರವಾಸದ ಖುಷಿ ಕೆಡಿಸಲು ಅಲ್ಲ. ಇಂದು ನಿಮಗೆ ಸೂಪು ಬಡಿಸುವವರು, ಕುದುರೆ ಹಿಡಿದು ಮುಂದೆ ನಡೆಯುವವರು ಬಹುಪಾಲು ಆ ಕುಟುಂಬಗಳ ಮೊಮ್ಮಕ್ಕಳು. ಮನೆತನದ ಕಥೆಯನ್ನು ಮಾತ್ರ ಹೇಳುವ ಹಸಿಯೆಂಡಾಕ್ಕೂ, ಊರಿನವರ ಮನೆಗೂ ಕರೆದೊಯ್ದು ಅವರ ಬಾಯಿಂದಲೇ ಕಥೆ ಕೇಳಿಸುವ ಹಸಿಯೆಂಡಾಕ್ಕೂ ವ್ಯತ್ಯಾಸವಿದೆ. ಆರಿಸುವಾಗ ನಾನು ಎರಡನೆಯದಕ್ಕೆ ಹೆಚ್ಚು ಅಂಕ ಕೊಡುತ್ತೇನೆ.

ಪಿನ್ಸಾಕಿ ಮತ್ತು ಕುಸಿನ್: ಸಂತೆಗೆ ಹೋಗುವವರಿಗೆ

ಅದೇ ಇಂಬಾಬುರಾದ ಒಟವಾಲೊ ಪಟ್ಟಣದ ಶನಿವಾರದ ಸಂತೆಯೇ ನಿಮ್ಮ ಗುರಿಯಾದರೆ ಹಸಿಯೆಂಡಾ ಪಿನ್ಸಾಕಿ ಸಾಕು. 1790ರಲ್ಲಿ ನೇಯ್ಗೆಶಾಲೆಯಾಗಿ ಕಟ್ಟಿದ್ದು. ಸ್ಪೇನ್ ಆಳ್ವಿಕೆಯಿಂದ ಈ ನಾಡನ್ನು ಬಿಡಿಸಿದ ನಾಯಕ ಸೈಮನ್ ಬೊಲಿವಾರ್ ಇಲ್ಲಿ ತಂಗುತ್ತಿದ್ದರೆಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ. 1863ರಲ್ಲಿ ಕೊಲಂಬಿಯಾ ಮತ್ತು ಈಕ್ವೆಡಾರ್ ನಡುವಿನ ಯುದ್ಧ ಮುಗಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಮನೆಯಲ್ಲಿ. ಹಳೆಯ ಮರಗಳು, ಪ್ರಾರ್ಥನಾಮಂದಿರ, ಕುದುರೆಗಳು ಇವೆ. ಬೆಲೆ ಸುಲೆಟಾಕ್ಕಿಂತ ಬಹಳ ಕಡಿಮೆ. ಆದರೆ ಇದು ಹೋಟೆಲ್. ಇಲ್ಲಿ ದನಕರುಗಳ ದಿನಚರಿ ಹುಡುಕಬೇಡಿ. ಸಾನ್ ಪಾಬ್ಲೊ ಕೆರೆಯ ಬಳಿಯ ಹಸಿಯೆಂಡಾ ಕುಸಿನ್ ಕೂಡ ಇದೇ ಜಾತಿಯದು. 1602ರಷ್ಟು ಹಳೆಯದು, ತೋಟ ಅಂದ, ನಡಿಗೆಗೆ ಹಿತ.

ದಕ್ಷಿಣದ ಎರಡು: ಕಾಯೊ ಮತ್ತು ಸಿಯೆನೆಗಾ

ರಾಜಧಾನಿ ಕ್ವಿಟೊದಿಂದ ದಕ್ಷಿಣಕ್ಕೆ, ಕೊಟೊಪಾಕ್ಸಿ ಜ್ವಾಲಾಮುಖಿಯ ಬುಡದ ಬಯಲಿನಲ್ಲಿ ಎರಡು ಮನೆಗಳು ಹತ್ತಿರ ಹತ್ತಿರ ಇವೆ. ಹೆಸರಿನಲ್ಲಿ ಗೊಂದಲವಾಗದಂತೆ ನೋಡಿಕೊಳ್ಳಿ, ಏಕೆಂದರೆ ಸ್ವಭಾವ ಬೇರೆ ಬೇರೆ.

ಸಾನ್ ಅಗಸ್ಟಿನ್ ದೆ ಕಾಯೊ ಕೆಲವೇ ಕೋಣೆಗಳ ಮನೆ. ಇದರ ಹೊಟ್ಟೆಯೊಳಗೆ ಇಂಕಾ ಕಾಲದ ಕಟ್ಟಡವಿದೆ: ಗಾರೆ ಇಲ್ಲದೆ, ಕಪ್ಪು ಜ್ವಾಲಾಮುಖಿ ಕಲ್ಲನ್ನು ನಯವಾಗಿ ಕೆತ್ತಿ ಒಂದರ ಮೇಲೊಂದು ಕೂಡಿಸಿದ ಗೋಡೆಗಳು. ಸ್ಪೇನಿನವರು ಬಂದ ಮೇಲೆ ಅಗಸ್ಟೀನಿಯನ್ ಪಾದ್ರಿಗಳು ಆ ಗೋಡೆಗಳನ್ನೇ ಬಳಸಿ ಪ್ರಾರ್ಥನಾಮಂದಿರ ಮಾಡಿಕೊಂಡರು. ಇನ್ನೊಂದು ಇಂಕಾ ಕೋಣೆ ಈಗ ಊಟದ ಮನೆ. 18ನೇ ಶತಮಾನದಲ್ಲಿ ಭೂಮಿಯ ಆಕಾರ ಅಳೆಯಲು ಬಂದ ಫ್ರೆಂಚ್ ತಂಡದ ಲಾ ಕೊಂಡಮೀನ್ ಇಲ್ಲಿಗೆ ಬಂದಿದ್ದರು. 1802ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ವಾನ್ ಹಂಬೋಲ್ಟ್ ಬಂದು ಈ ಗೋಡೆಗಳ ಚಿತ್ರ ಬರೆದುಕೊಂಡರು. ಐದುನೂರು ವರ್ಷ ಹಿಂದಿನ ಕಲ್ಲಿಗೆ ಬೆನ್ನು ತಾಗಿಸಿ ರಾತ್ರಿಯೂಟ ಮಾಡುವ ಅವಕಾಶ ಈಕ್ವೆಡಾರ್‌ನಲ್ಲಿ ಇನ್ನೆಲ್ಲೂ ಇಷ್ಟು ಹತ್ತಿರದಿಂದ ಸಿಗದು. ಪುರಾತತ್ವ, ವಾಸ್ತು ಇವುಗಳ ಹುಚ್ಚಿರುವವರು ಸುಲೆಟಾ ಬಿಟ್ಟು ಇಲ್ಲಿಗೇ ಬರಬಹುದು. ಇದೂ ಪ್ಲಾಸಾ ಮನೆತನದ ಇನ್ನೊಂದು ಕವಲಿನದು, ಇದೂ ದುಬಾರಿ. ಸುತ್ತ ಹಸುಗಳು, ಅಂಗಳದಲ್ಲಿ ಒಂಟೆ ಜಾತಿಯ ಲಾಮಾಗಳು ಇವೆ. ಆದರೆ ಇಲ್ಲಿಗೆ ಬರುವುದು ಗೋಡೆಗಾಗಿ, ಕೊಟ್ಟಿಗೆಗಾಗಿ ಅಲ್ಲ.

ಲಾ ಸಿಯೆನೆಗಾ ಲಾಸ್ಸೊ ಊರಿನ ಹತ್ತಿರ, ಹೆದ್ದಾರಿಗೆ ಸಮೀಪ. 17ನೇ ಶತಮಾನದ ದೊಡ್ಡ ಬಂಗಲೆ, ಎದುರಿಗೆ ಎತ್ತರದ ನೀಲಗಿರಿ ಮರಗಳ ಸಾಲುದಾರಿ. ಒಂದು ಕಾಲದಲ್ಲಿ ಕಣಿವೆಯ ಬಹುಭಾಗ ಇದರದಾಗಿತ್ತು. ಜಮೀನು ಹಂಚಿಹೋಗಿ ಈಗ ಮನೆ ಮತ್ತು ತೋಟ ಹೋಟೆಲ್ ಆಗಿ ಉಳಿದಿದೆ. ಅಗ್ಗ, ತಲುಪುವುದು ಸುಲಭ, ಕೊಟೊಪಾಕ್ಸಿ ರಾಷ್ಟ್ರೀಯ ಉದ್ಯಾನಕ್ಕೆ ಬೆಳಗ್ಗೆ ಹೊರಡಲು ಅನುಕೂಲ. ಒಂದು ರಾತ್ರಿಗೆ ಸರಿ.

ಎರಡೂ ಮನೆಗಳ ಬಗ್ಗೆ ಒಂದು ಮಾತು. 1877ರಲ್ಲಿ ಕೊಟೊಪಾಕ್ಸಿ ಸಿಡಿದಾಗ ಹಿಮ ಕರಗಿ ಹರಿದ ಕೆಸರಿನ ಪ್ರವಾಹ ಈ ಕಣಿವೆಯಲ್ಲೇ ಇಳಿದಿತ್ತು. 2015ರಲ್ಲಿ ಮತ್ತೆ ಬೂದಿ ಎದ್ದಿತು, 2022ರ ಕೊನೆಯಲ್ಲೂ ಚಟುವಟಿಕೆ ಕಂಡಿತು. ಹೆದರಿ ಬಿಡುವ ಅಗತ್ಯವಿಲ್ಲ. ಹೊರಡುವ ಮುನ್ನ ಈಕ್ವೆಡಾರ್‌ನ ಭೂಭೌತ ಸಂಸ್ಥೆಯ ಎಚ್ಚರಿಕೆ ಮಟ್ಟ ನೋಡಿಕೊಳ್ಳಿ. ಸುರಕ್ಷಿತ ಎತ್ತರಕ್ಕೆ ಹೋಗುವ ದಾರಿ ಯಾವುದೆಂದು ಮನೆಯವರನ್ನು ಕೇಳಿಕೊಳ್ಳಿ.

ಎಲ್ ಪೊರ್ವೆನಿರ್: ಚಾಗ್ರಾಗಳ ಜೊತೆ

ಮನೆಯ ಹಳಮೆ ನಿಮಗೆ ಅಷ್ಟು ಮುಖ್ಯವಲ್ಲ, ದನ ಮತ್ತು ಕುದುರೆಯ ಬದುಕು ಮುಖ್ಯ ಎನ್ನುವುದಾದರೆ ನೇರವಾಗಿ ಹಸಿಯೆಂಡಾ ಎಲ್ ಪೊರ್ವೆನಿರ್‌ಗೆ ಹೋಗಿ. ರುಮಿನ್ಯಾವಿ ಜ್ವಾಲಾಮುಖಿಯ ತಪ್ಪಲಲ್ಲಿ, ಕೊಟೊಪಾಕ್ಸಿ ಉದ್ಯಾನದ ಉತ್ತರ ದ್ವಾರಕ್ಕೆ ಹತ್ತಿರ, 3,600 ಮೀಟರ್ ಎತ್ತರದಲ್ಲಿದೆ. ಅರಮನೆಯ ಠೀವಿ ಇಲ್ಲಿಲ್ಲ. ಮಣ್ಣಿನ ಗೋಡೆಯ ಸರಳ ಮನೆ, ಸರಳ ಕೋಣೆಗಳು, ಮಧ್ಯೆ ಬೆಂಕಿ.

ಇದು ಚಾಗ್ರಾಗಳ ನಾಡು. ಬೆಟ್ಟದ ಮೇಲಿನ ದನಗಾಹಿ ಸವಾರರನ್ನು ಇಲ್ಲಿ ಚಾಗ್ರಾ ಎನ್ನುತ್ತಾರೆ. ದಪ್ಪ ಉಣ್ಣೆಯ ಪೋಂಚೊ, ಕಾಲಿಗೆ ಕೂದಲು ಸಹಿತ ಚರ್ಮದ ‘ಸಮಾರೊ’, ಕೈಯಲ್ಲಿ ಹಗ್ಗದ ಕುಣಿಕೆ. ಸವಾರಿಗೆ ಹೊರಡುವ ಮೊದಲು ನಿಮಗೂ ಪೋಂಚೊ, ಸಮಾರೊ ತೊಡಿಸುತ್ತಾರೆ. ಇದು ಫೋಟೊಗೆ ಹಾಕಿಸುವ ವೇಷವಲ್ಲ; ಮೇಲೆ ಗಾಳಿ ಬೀಸಿದಾಗ, ಓರೆಯಾಗಿ ಮಳೆ ಹೊಡೆದಾಗ ಅದರ ಬೆಲೆ ತಿಳಿಯುತ್ತದೆ. ಮರ ಬೆಳೆಯದ ಎತ್ತರದ ಹುಲ್ಲುಗಾವಲಿಗೆ ಪಾರಮೊ ಎನ್ನುತ್ತಾರೆ. ಅದರ ಒರಟು ಹುಲ್ಲು, ಪಾಚಿ, ಕಪ್ಪು ಮಣ್ಣು ಮಂಜನ್ನೂ ಮಳೆಯನ್ನೂ ಹೀರಿ ಹಿಡಿದು ನಿಧಾನಕ್ಕೆ ಬಿಡುತ್ತವೆ. ಕ್ವಿಟೊ ನಗರ ಕುಡಿಯುವ ನೀರಿನ ಬಹುಪಾಲು ಇಂಥ ಪಾರಮೊಗಳಿಂದ ಬರುತ್ತದೆ. ಹಾಗಾಗಿ ದಾರಿ ಬಿಟ್ಟು ಕುದುರೆ ಓಡಿಸಲು ಹಠ ಮಾಡಬೇಡಿ. ಗೊರಸು ತುಳಿದ ಪಾರಮೊ ಮತ್ತೆ ಬೆಳೆಯಲು ವರ್ಷಗಳು ಬೇಕು.

ಜುಲೈನಲ್ಲಿ ಹೋಗುವುದಾದರೆ ಹತ್ತಿರದ ಮಚಾಚಿಯಲ್ಲಿ ನಡೆಯುವ ‘ಪಸೆಯೊ ದೆಲ್ ಚಾಗ್ರಾ’ ಮೆರವಣಿಗೆಯ ದಿನಾಂಕ ವಿಚಾರಿಸಿ. 1877ರ ಸ್ಫೋಟದ ನೆನಪಿನಲ್ಲಿ ನಡೆದು ಬಂದ ಹಬ್ಬ ಇದು; ಸುತ್ತಲ ಹಸಿಯೆಂಡಾಗಳ ಸವಾರರೆಲ್ಲ ಕುದುರೆ ಏರಿ ಪೇಟೆಗಿಳಿಯುತ್ತಾರೆ.

ಮಚಾಚಿಯಿಂದ ಮೇಲಕ್ಕೆ ಕಲ್ಲು ಹಾಸಿದ ರಸ್ತೆ. ಬಸ್ಸು ಅಲ್ಲಿಯವರೆಗೆ ಬರದು. ಮಚಾಚಿಯಲ್ಲಿ ‘ಕಮಿಯೊನೆಟಾ’ ಎಂಬ ಪಿಕಪ್ ಗಾಡಿ ಹಿಡಿಯಬೇಕು, ಇಲ್ಲವೇ ಹಸಿಯೆಂಡಾದವರಿಗೇ ಹೇಳಿ ಗಾಡಿ ತರಿಸಿಕೊಳ್ಳಬೇಕು.

ಮೊದಲು ಉತ್ತರ, ಆಮೇಲೆ ದಕ್ಷಿಣ

ಎರಡು ಕಡೆ ತಂಗುವಷ್ಟು ದಿನವಿದ್ದರೆ ಯಾವುದನ್ನು ಮೊದಲು ಮಾಡುತ್ತೀರಿ ಎಂಬುದು ಮನೆ ಯಾವುದು ಎಂಬಷ್ಟೇ ಮುಖ್ಯ. ಕ್ವಿಟೊ ನಗರ 2,850 ಮೀಟರ್ ಮೇಲಿದೆ. ವಿಮಾನ ನಿಲ್ದಾಣ ಇರುವುದು ನಗರದ ಪೂರ್ವಕ್ಕೆ ತಬಬೆಲಾದಲ್ಲಿ, ಸುಮಾರು 2,400 ಮೀಟರಿನಲ್ಲಿ. ಅಲ್ಲಿಂದ ಕ್ವಿಟೊ ಹೊಕ್ಕದೆಯೇ ಉತ್ತರಕ್ಕೆ, ಕಯಾಂಬೆ ಕಡೆಗೆ ದಾರಿಯಿದೆ. ಇಳಿದ ದಿನವೇ ಒಟವಾಲೊ ಕಡೆ ಹೋಗಿ ಒಂದೆರಡು ರಾತ್ರಿ ಇದ್ದು, ಮುಂದೆ ಸುಲೆಟಾ, ಕೊನೆಗೆ ದಕ್ಷಿಣಕ್ಕೆ ಬಂದು ಎಲ್ ಪೊರ್ವೆನಿರ್: ಹೀಗೆ ಹೋದರೆ ದೇಹ ಮೆಟ್ಟಿಲು ಮೆಟ್ಟಿಲಾಗಿ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಇದನ್ನು ತಿರುಗಿಸಿ ಮೊದಲ ರಾತ್ರಿಯೇ 3,600 ಮೀಟರಿನಲ್ಲಿ ಮಲಗಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಬರುವ ಸಾಧ್ಯತೆ ಹೆಚ್ಚು. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಊರಲ್ಲೇ ವೈದ್ಯರನ್ನು ಕೇಳಿ ಹೊರಡಿ. ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ ಎಲ್ ಪೊರ್ವೆನಿರ್ ಬಿಟ್ಟುಬಿಡಿ, ಉತ್ತರದ ಮನೆಗಳೇ ಸಾಕು.

ಇಲ್ಲಿ ಸಮಭಾಜಕ ವೃತ್ತವೇ ಹಾದುಹೋಗುವುದರಿಂದ ವರ್ಷವಿಡೀ ಬೆಳಗ್ಗೆ ಆರರ ಸುಮಾರಿಗೆ ಬೆಳಕು, ಸಂಜೆ ಆರೂವರೆಗೆ ಕತ್ತಲು. ರಾತ್ರಿ ಉದ್ದ, ಚಳಿ ಗಟ್ಟಿ. ಹಾಗಾಗಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇದೆಯೇ, ಸಂಜೆ ಬೆಂಕಿ ಹಾಕಿಕೊಡುತ್ತಾರೆಯೇ, ಹಾಸಿಗೆಗೆ ಬಿಸಿನೀರಿನ ಚೀಲ ಕೊಡುತ್ತಾರೆಯೇ ಎಂದು ಕೇಳುವುದು ಸಣ್ಣ ಮಾತಲ್ಲ. ಹಗಲಿನ ಬಿಸಿಲು ಮಾತ್ರ ಚುರುಕು. ಮೋಡವಿದ್ದರೂ ಮುಖ ಸುಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಒಣ ತಿಂಗಳುಗಳು. ಆದರೆ ಜುಲೈ, ಆಗಸ್ಟ್‌ನಲ್ಲಿ ಕೊಟೊಪಾಕ್ಸಿ ಕಡೆ ಗಾಳಿ ಜೋರು. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಮಳೆ ಸಾಮಾನ್ಯ. ಸವಾರಿ ಬೆಳಗ್ಗೆಯೇ ಮುಗಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ

ಈ ಪ್ರಶ್ನೆ ನಮ್ಮವರು ಕೇಳಿಯೇ ಕೇಳುತ್ತಾರೆ. ಉತ್ತರ ಸಮಾಧಾನಕರ. ಆಲೂಗಡ್ಡೆ, ಹಾಲು, ಚೀಸ್ ಹಾಕಿ ಬಟರ್‌ಫ್ರೂಟ್ ಹೋಳಿನೊಂದಿಗೆ ಕೊಡುವ ‘ಲೊಕ್ರೊ’ ಸೂಪು, ಕಿನೋವಾ ಸೂಪು, ಚೀಸ್ ತುಂಬಿ ಕಾಯಿಸಿದ ಆಲೂಗಡ್ಡೆಯ ‘ಯಪಿಂಗಾಚೊ’, ಬೇಯಿಸಿದ ಎಳೆ ಮುಸುಕಿನಜೋಳ, ಹುರಿದ ಜೋಳದ ‘ತೊಸ್ತಾದೊ’, ‘ಚೋಚೊ’ ಎಂಬ ಕಾಳು, ಪಕ್ಕದಲ್ಲಿ ‘ಅಹಿ’ ಎಂಬ ಖಾರದ ಚಟ್ನಿ. ಹೊಟ್ಟೆ ತುಂಬುತ್ತದೆ, ನಾಲಗೆಗೂ ಹಿಡಿಸುತ್ತದೆ. ಅಡಚಣೆ ಇರುವುದು ಮರೆಯಲ್ಲಿ. ಸೂಪಿನ ತಿಳಿ ಕೋಳಿ ಬೇಯಿಸಿದ ನೀರಾಗಿರಬಹುದು. ‘ಸಿನ್ ಕಾರ್ನೆ’ ಎಂದರೆ ದನದ ಮಾಂಸ ಬೇಡ ಎಂದಷ್ಟೇ ಅರ್ಥಮಾಡಿಕೊಂಡು ಕೋಳಿ ಬಡಿಸುವವರಿದ್ದಾರೆ. ಅದಕ್ಕೆ ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ ದೆ ಪೊಯೊ’ ಎಂದು ಬರೆದೇ ಕಳಿಸಿ. ಕಯಾಂಬೆಯ ಹೆಸರಾಂತ ‘ಬಿಸ್ಕೊಚೊ’ ಬಿಸ್ಕತ್ತಿಗೂ ಕೆಲವು ಕಡೆ ಹಂದಿ ಕೊಬ್ಬು ಬೀಳುತ್ತದೆ, ಕೇಳಿ ಕೊಳ್ಳಿ. ಸುಲೆಟಾ, ಕಾಯೊದಂಥ ಚಿಕ್ಕ ಮನೆಗಳಲ್ಲಿ ಅಡುಗೆಮನೆಗೆ ನೇರವಾಗಿ ಹೇಳಬಹುದು. ತಂಡಗಳು ಬಂದುಹೋಗುವ ಲಾ ಸಿಯೆನೆಗಾದಲ್ಲಿ ಅದು ಅಷ್ಟು ಸುಲಭವಲ್ಲ.

ಬುಕ್ ಮಾಡುವ ಮುನ್ನ

ಈಕ್ವೆಡಾರ್‌ನಲ್ಲಿ ಆದಿವಾಸಿ ಸಂಘಟನೆಗಳು ಮುಷ್ಕರ ಕರೆದರೆ ಹೆದ್ದಾರಿಗಳು ಪೂರ್ತಿ ನಿಲ್ಲುತ್ತವೆ. 2019, 2022ರಲ್ಲಿ ಹಾಗಾಯಿತು; 2025ರಲ್ಲಿ ಇಂಬಾಬುರಾವೇ ಅದರ ಕೇಂದ್ರವಾಗಿತ್ತು. ಕರಾವಳಿಯ ನಗರಗಳಲ್ಲಿ ಗ್ಯಾಂಗ್‌ಗಳ ಹಿಂಸೆ ಹೆಚ್ಚಿ 2024ರ ಜನವರಿಯಲ್ಲಿ ಸರ್ಕಾರ ದೇಶದೊಳಗಿನ ಸಶಸ್ತ್ರ ಸಂಘರ್ಷ ಎಂದೇ ಘೋಷಿಸಿತು. ಬೆಟ್ಟನಾಡು ಅದಕ್ಕಿಂತ ಶಾಂತ, ಆದರೂ ರಾತ್ರಿ ಪ್ರಯಾಣ ಬೇಡ. ರಸ್ತೆ ಬಂದ್ ಆದರೆ ಮುಂಗಡ ವಾಪಸ್ ಕೊಡುತ್ತಾರೆಯೇ ಅಥವಾ ದಿನಾಂಕ ಬದಲಿಸುತ್ತಾರೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಹಾಗೆಯೇ ಇದನ್ನೂ ಕೇಳಿ: ನಾವು ಬರುವ ವಾರ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಏನು ಕೆಲಸ ನಡೆದಿರುತ್ತದೆ, ಅದರಲ್ಲಿ ಅತಿಥಿಗಳು ಸೇರಬಹುದೇ? ಹಾಲು ಕರೆಯುವ ಹೊತ್ತು, ಚೀಸ್ ಮಾಡುವ ದಿನ, ದನ ಕೂಡಿಸುವ ದಿನ ಹೀಗೆ ನಿಖರವಾಗಿ ಉತ್ತರ ಬಂದರೆ ಅದು ನಿಜವಾಗಿ ದುಡಿಯುವ ಹಸಿಯೆಂಡಾ. ನೋಟ, ಸ್ಪಾ, ವೈನ್ ಪಟ್ಟಿಯ ಬಗ್ಗೆ ಉತ್ತರ ಬಂದರೆ ಅದು ಚಂದದ ಹೋಟೆಲ್.

ಕೊನೆಯದಾಗಿ ಲಸಿಕೆ. ಹಳದಿ ಜ್ವರದ ಹಾವಳಿಯುಳ್ಳ ದೇಶಗಳ ಭಾರತದ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ನೀವು ಬೆಟ್ಟದ ಚಳಿಯಲ್ಲೇ ಇದ್ದು ಬಂದರೂ, ಬೆಂಗಳೂರಿನಲ್ಲಿ ಇಳಿಯುವಾಗ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.